ಲೆಕ್ಕ ಕೇಳಿ: ಒಟ್ಲು ನಮ್ಮ ಗದ್ದೆಯಲ್ಲಿ, ನಾಟಿ ಯಾರ ಗದ್ದೆಯಲ್ಲಿ?

ಹೋದ ಸಂಚಿಕೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಬಗ್ಗೆ ಬರೆಯುತ್ತಾ ‘ಊರು ಓದಿದರೆ ಊರಿನ ಸಂಪಾದನೆ ಏರುತ್ತದೆ’ ಅಂತ ಒಂದು ಸಾಲು ಹಾಕಿದ್ದೆ. ಮಂಡ್ಯದ ಕಾಲೇಜಿನಲ್ಲಿ 31 ವರ್ಷ ಅರ್ಥಶಾಸ್ತ್ರ ಹೇಳಿದವಳಿಗೆ ಅದು ಬಾಯಿಪಾಠ. ಕೈ ತಾನಾಗಿ ಬರೆದುಬಿಟ್ಟಿತು. ನೀವು ಬಿಡಬೇಕಲ್ಲ! ಆ ಒಂದು ಸಾಲನ್ನೇ ಹಿಡಿದು ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಪಿಂಚಣಿ ಲೆಕ್ಕ ಕೇಳಿದವರು ದಯವಿಟ್ಟು ಒಂದು ತಿಂಗಳು ತಡೆಯಿರಿ.

ಪ್ರಶ್ನೆ: ನಂದು ಎರಡೂವರೆ ಎಕರೆ ಗದ್ದೆ, ನಾಲೆ ನೀರು. ಮಗನ ಇಂಜಿನಿಯರಿಂಗ್‌ಗೆ ನಾಲ್ಕು ವರ್ಷಕ್ಕೆ ಏಳು ಲಕ್ಷ ಆಯ್ತು, ಅದರಲ್ಲಿ ಮೂರು ಲಕ್ಷ ಸಾಲ. ಈಗ ಬೆಂಗಳೂರಲ್ಲಿದ್ದಾನೆ. ಬಾಡಿಗೆ ಅಲ್ಲೇ, ಊಟ ಅಲ್ಲೇ, ಖರ್ಚೆಲ್ಲ ಅಲ್ಲೇ. ನಮ್ಮೂರಿನ ಹುಡುಗರಲ್ಲಿ ಹನ್ನೊಂದು ಜನ ಇಂಜಿನಿಯರ್‌ಗಳು, ಒಬ್ಬನೂ ಊರಲ್ಲಿಲ್ಲ. ಹಬ್ಬಕ್ಕೆ ಬಂದಾಗ ಬೀದೀಲಿ ಕಾರು ನಿಲ್ಲಿಸೋಕೆ ಜಾಗ ಇರಲ್ಲ, ಅಷ್ಟೇ ನಾವು ಕಂಡ ಅಭಿವೃದ್ಧಿ. ಊರು ಓದಿದರೆ ಊರು ಬೆಳೆಯುತ್ತೆ ಅಂದಿರಲ್ಲ ಮೇಡಂ, ಯಾವ ಊರು?
— ಒಬ್ಬ ರೈತ, ಪಾಂಡವಪುರ ತಾಲ್ಲೂಕು

ಉತ್ತರ: ಗೌಡರೇ, ನಿಮ್ಮ ಕೊನೆಯ ಎರಡು ಪದಕ್ಕೆ ನೂರಕ್ಕೆ ನೂರು ಅಂಕ. ಮೂರು ದಶಕ ಪಾಠ ಮಾಡಿದ ನಾನು ‘ಯಾವ ಊರು’ ಅಂತ ಕೇಳಿಕೊಳ್ಳದೆ ಆ ಸಾಲು ಬರೆದೆ. ತಪ್ಪು ನನ್ನದು.

ನೀವು ಬೇಸಾಯಗಾರರು, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಒಟ್ಲು, ಅಂದರೆ ಭತ್ತದ ಸಸಿಮಡಿ, ಬಿಟ್ಟಿದ್ದು ನಿಮ್ಮ ಗದ್ದೆಯಲ್ಲಿ. ಬೀಜ, ಗೊಬ್ಬರ, ನೀರು ನಿಮ್ಮದು. ಪೈರು ಕಿತ್ತು ನಾಟಿ ಮಾಡಿದ್ದು ಬೇರೆಯವರ ಗದ್ದೆಯಲ್ಲಿ. ಭತ್ತ ಅಲ್ಲೇ ಬೆಳೆಯೋದು. ಇಡೀ ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆ ಒಂದರಿಂದಲೇ ಬರುತ್ತದೆ. ಅದರಲ್ಲಿ ನಿಮ್ಮ ಹನ್ನೊಂದು ಹುಡುಗರ ಬೆವರೂ ಸೇರಿದೆ.

ನಾನು ಮೈಸೂರಿನಿಂದ ಮಂಡ್ಯಕ್ಕೆ ಪಾಸು ಮಾಡಿಸಿಕೊಂಡು ರೈಲಿನಲ್ಲಿ ಓಡಾಡಿದವಳು. ಬೆಳಗಿನ ಬೆಂಗಳೂರು ಗಾಡಿ ಮಂಡ್ಯದಲ್ಲಿ ನಿಂತಾಗ ನಾನು ಇಳಿಯುತ್ತಿದ್ದ ಬಾಗಿಲಿನಲ್ಲೇ ನನ್ನ ಹಳೇ ವಿದ್ಯಾರ್ಥಿಗಳು ಹತ್ತುತ್ತಿದ್ದರು. ‘ಗುಡ್ ಮಾರ್ನಿಂಗ್ ಮೇಡಂ’ ಅಂತ ಬ್ಯಾಗು ತಲೆ ಮೇಲೆ ಎತ್ತಿ ನನಗೆ ದಾರಿ ಬಿಡುತ್ತಿದ್ದರು. ಪಾಠ ಹೇಳುವವಳು ಇಳಿಯೋದು, ಪಾಠ ಕಲಿತವರು ಹತ್ತೋದು. ಅದನ್ನು ದಿನಾ ನೋಡಿಯೂ ಅದೇ ಒಂದು ಪಾಠ ಅಂತ ನನಗೆ ಹೊಳೆಯಲಿಲ್ಲ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ 1933ರಲ್ಲೇ ಬಂತು, ಪಿಇಎಸ್ ಇಂಜಿನಿಯರಿಂಗ್ ಕಾಲೇಜು 1962ರಲ್ಲೇ ಬಂತು. ಓದಿಸಲು ನಾವು ತಡ ಮಾಡಲಿಲ್ಲ. ಓದಿದ ಮೇಲೆ ಕೂರಿಸಲು ಚಾಪೆ ಹಾಸಲಿಲ್ಲ.

ಓದಿದವನು ಊರಲ್ಲಿ ಉಳಿದರೆ ಊರಿಗೆ ಏನು ಸಿಗುತ್ತದೆ ಅಂತ ನಾನು ಕಣ್ಣಾರೆ ಕಂಡದ್ದು ಒಂದು ಆಲೆಮನೆಯಲ್ಲಿ. ಮಂಡ್ಯ ತಾಲ್ಲೂಕಿನ ಹಳ್ಳಿ. ನನ್ನ ಬಿ.ಕಾಂ. ವಿದ್ಯಾರ್ಥಿಯ ಮನೆ, ಅವನ ಹೆಂಡತಿ ಬಿ.ಎಸ್‌ಸಿ. ಕೆಮಿಸ್ಟ್ರಿ. ಅವನ ತಂದೆ ಕೊಪ್ಪರಿಗೆ ಪಕ್ಕ ನಿಂತು, ಕುದಿಯುವ ಪಾಕದಿಂದ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ‘ಇಳಿಸ್ರೋ’ ಅಂದರೆ ಮುಗೀತು. ಅಂಥ ಬೆಲ್ಲ ಬೇರೆ ಕಡೆ ಇಲ್ಲ. ಸೊಸೆ ಒಂದು ದಿನ ಮುಳ್ಳಿನ ಥರ್ಮಾಮೀಟರ್ ತಂದು ಪಾಕಕ್ಕೆ ಅದ್ದಿದಳು. ಮಾವ ಸರಿಯಾಗಿ ‘ಇಳಿಸ್ರೋ’ ಅಂದಾಗಲೆಲ್ಲ ಮುಳ್ಳು 118 ಡಿಗ್ರಿಯ ಆಸುಪಾಸಿನಲ್ಲೇ. ಅಂದರೆ ಮುದುಕರ ಬೆರಳು ಸುಳ್ಳು ಹೇಳುತ್ತಿರಲಿಲ್ಲ. ಆದರೆ ಬೆರಳಿರುವುದು ಒಬ್ಬರಿಗೆ! ಅವರು ಜ್ವರ ಬಂದು ಮಲಗಿದ ದಿನ ಬೆಲ್ಲ ಒಂದೋ ಮೇಣದ ಹಾಗೆ, ಇಲ್ಲಾ ಕಲ್ಲಿನ ಹಾಗೆ. ಥರ್ಮಾಮೀಟರ್ ಬಂದ ಮೇಲೆ ಕೂಲಿಗೆ ಬಂದ ಹುಡುಗನೂ ಇಳಿಸಬಲ್ಲ. ಅವಳು ಒಂದು ನೋಟ್‌ಬುಕ್ಕೂ ಇಟ್ಟಳು: ಯಾವ ಗದ್ದೆಯ ಕಬ್ಬು, ಸುಣ್ಣದ ತಿಳಿ ಎಷ್ಟು, ಬಣ್ಣ ಹೇಗೆ ಬಂತು. ವರ್ಷದೊಳಗೆ ಅವರ ಅಚ್ಚು ಬೆಲ್ಲಕ್ಕೆ ಖಾಯಂ ಗಿರಾಕಿ ಹುಟ್ಟಿದರು.

ನಾನು ಹೇಳಬೇಕೆಂದಿದ್ದು ಆಮೇಲಿನ ಕಥೆ. ಎರಡು ವರ್ಷದಲ್ಲಿ ಸುತ್ತಲಿನ ಇನ್ನೂ ನಾಲ್ಕು ಆಲೆಮನೆಯವರು ಥರ್ಮಾಮೀಟರ್ ತಂದರು. ಆ ಹುಡುಗಿಗೆ ಯಾರೂ ಐದು ಪೈಸೆ ಫೀಸು ಕೊಟ್ಟಿಲ್ಲ, ಅವಳೂ ಕೇಳಿಲ್ಲ. ಬೆಲ್ಲ ಕೊಳ್ಳಲು ಬಂದವರು, ಕಬ್ಬಿನ ಗಾಡಿ ಹೊಡೆಯುವವರು ಸುದ್ದಿ ಹೊತ್ತುಕೊಂಡು ಹೋದರು, ಅಷ್ಟೇ. 1988ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಲ್ಯೂಕಸ್ ದೊಡ್ಡ ದೊಡ್ಡ ಸಮೀಕರಣ ಹಾಕಿ ಹೇಳಿದ್ದರಲ್ಲಿ ಇದೂ ಒಂದು: ಓದಿನ ಲಾಭ ಓದಿದವರ ಸಂಬಳದಲ್ಲೇ ನಿಲ್ಲುವುದಿಲ್ಲ, ಪಕ್ಕದವರಿಗೂ ಸೋರುತ್ತದೆ. ಸೋರಬೇಕಾದರೆ ಪಕ್ಕದಲ್ಲಿ ಇರಬೇಕು. ನಿಮ್ಮ ಹನ್ನೊಂದು ಜನ ಬೆಂಗಳೂರಿನ ಪಕ್ಕದವರಿಗೆ ಸೋರುತ್ತಿದ್ದಾರೆ.

ಹಾಗಂತ ಮಗನನ್ನು ವಾಪಸ್ ಕರೆಸಿಕೊಳ್ಳಿ ಅಂತ ನಾನು ಹೇಳುವುದಿಲ್ಲ. ಬಂದು ಏನು ಮಾಡಬೇಕು? ಕೆಲಸ ಇರುವ ಕಡೆ ಹೋಗಿದ್ದಾನೆ, ಸರಿಯಾಗೇ ಮಾಡಿದ್ದಾನೆ. ಅಂದ ಹಾಗೆ, ತಿಂಗಳಿಗೆ ಎಷ್ಟು ಕಳಿಸುತ್ತಾನೆ ಅನ್ನೋದನ್ನು ನೀವು ಪತ್ರದಲ್ಲಿ ಜಾಣತನದಿಂದ ಬಿಟ್ಟಿದ್ದೀರಿ. ಮೂರು ಲಕ್ಷದ ಸಾಲ ತೀರಿತೇ, ಬೋರ್ ಹಾಕಿಸಿದಿರೇ, ಮನೆಗೆ ತಾರಸಿ ಬಂತೇ? ಅದೂ ಊರಿಗೆ ಬಂದ ಭತ್ತವೇ. ಮೂಟೆ ಚಿಕ್ಕದು ಅನ್ನಿ, ಒಪ್ಪುತ್ತೇನೆ.

ಪ್ರಶ್ನೆ: ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ವಿದ್ಯಾರ್ಥಿ. ಓದಿದವರು ಇರುವುದರಿಂದ ನಗರ ಬೆಳೆಯುತ್ತದೆಯೋ, ಬೆಳೆದ ನಗರಕ್ಕೆ ಓದಿದವರು ಬಂದು ಸೇರುತ್ತಾರೋ? ಸೆಮಿನಾರ್ ಇದೆ, ಎರಡು ಪಾಯಿಂಟ್ ಕೊಡಿ ಮೇಡಂ.
— ಮೈಸೂರು

ಉತ್ತರ: ಪಾಯಿಂಟ್ ಕೊಟ್ಟು ಕೊಟ್ಟೇ ನಿಮ್ಮ ತಲೆಮಾರನ್ನು ನಾವು ಕೆಡಿಸಿದ್ದು ಕಣಪ್ಪ. ಕಥೆ ಹೇಳುತ್ತೇನೆ, ಪಾಯಿಂಟ್ ನೀನೇ ಹೆಕ್ಕಿಕೋ.

ಬೀಜವೃಕ್ಷ ನ್ಯಾಯದ ಈ ಗಂಟು ಬಿಚ್ಚಲು ಅಮೆರಿಕದವರು ಒಂದು ಉಪಾಯ ಮಾಡಿದರು. 1862ರಲ್ಲಿ ಅಲ್ಲಿ ಒಂದು ಕಾನೂನು ಬಂತು: ರಾಜ್ಯಗಳಿಗೆ ಸರ್ಕಾರಿ ಭೂಮಿ ಕೊಡುವುದು, ಅದನ್ನು ಮಾರಿದ ದುಡ್ಡಿನಲ್ಲಿ ಕೃಷಿ ಮತ್ತು ತಾಂತ್ರಿಕ ಕಾಲೇಜು ಕಟ್ಟುವುದು. ಕಾಲೇಜು ಯಾವ ಊರಿಗೆ ಬಿತ್ತು ಅನ್ನುವುದಕ್ಕೂ ಇವತ್ತಿನ ಸಾಫ್ಟ್‌ವೇರ್‌ಗೂ ಸಂಬಂಧ ಇರಲು ಸಾಧ್ಯವಿಲ್ಲ ಅಲ್ಲವೇ? ಎನ್ರಿಕೊ ಮೊರೆಟ್ಟಿ ಎಂಬ ಅರ್ಥಶಾಸ್ತ್ರಜ್ಞ ಅದನ್ನೇ ಹಿಡಿಗೋಲು ಮಾಡಿಕೊಂಡ. ನೂರು ವರ್ಷದ ಹಿಂದೆ ಕಾಲೇಜು ಬಿದ್ದ ಊರುಗಳಲ್ಲಿ ಇವತ್ತಿಗೂ ಪದವೀಧರರು ಜಾಸ್ತಿ, ಸಂಬಳವೂ ಜಾಸ್ತಿ. ಅಂದರೆ ಓದಿಗೆ ತನ್ನದೇ ಕಸುವು ಇದೆ. ಬರೀ ಶ್ರೀಮಂತ ಊರಿಗೆ ಓದಿದವರು ಬಂದು ಸೇರಿದ್ದಲ್ಲ.

ನಮ್ಮ ಕಡೆಯದನ್ನು ನೋಡು. 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರ್ಥಿಕ ಸಮ್ಮೇಳನ ಅಂತ ಆಯಿತು, ವಿಶ್ವೇಶ್ವರಯ್ಯನವರು ಅದರ ಬೆನ್ನೆಲುಬು. ಕೃಷಿಗೊಂದು, ಕೈಗಾರಿಕೆ–ವಾಣಿಜ್ಯಕ್ಕೊಂದು ಸಮಿತಿ ಮಾಡಿದರು, ಶಿಕ್ಷಣಕ್ಕೂ ಒಂದು ಸಮಿತಿ. ಆರ್ಥಿಕ ಸಮ್ಮೇಳನದಲ್ಲಿ ಶಿಕ್ಷಣಕ್ಕೇನು ಕೆಲಸ ಅಂತ ಅವರು ಕೇಳಿಕೊಳ್ಳಲಿಲ್ಲ. 1913ರಲ್ಲಿ ಮೈಸೂರು ಬ್ಯಾಂಕ್ ಬಂತು, 1916ರಲ್ಲಿ ನೀನು ಓದುತ್ತಿರುವ ವಿಶ್ವವಿದ್ಯಾನಿಲಯ ಬಂತು. ಭಾರತದಲ್ಲಿ ಬ್ರಿಟಿಷ್ ಆಡಳಿತದ ಹೊರಗಿನ ಮೊದಲ ವಿಶ್ವವಿದ್ಯಾನಿಲಯ. ಅದೇ ವರ್ಷಗಳಲ್ಲೇ ಗಂಧದೆಣ್ಣೆ ಕಾರ್ಖಾನೆ. ದುಡ್ಡು, ಓದು, ಕೆಲಸ ಮೂರನ್ನೂ ಒಟ್ಟೊಟ್ಟಿಗೆ ಬಿತ್ತಿದ ಕಾಲ ಅದು.

ಆಮೇಲೆ ಓದು ಬೆಳೆಯಿತು. ಕೆಲಸ ಅದರ ಹೆಜ್ಜೆಗೆ ಹೆಜ್ಜೆ ಹಾಕಲಿಲ್ಲ. 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆಹಾರ ಸಂಶೋಧನೆಯ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾಯಿತಲ್ಲ, ಅಲ್ಲಿನ ವಿಜ್ಞಾನಿಗಳು ಎಮ್ಮೆ ಹಾಲಿನಿಂದ ಮಕ್ಕಳ ಆಹಾರ ಮಾಡುವ ವಿಧಾನ ಕಂಡುಹಿಡಿದರು. ಅದನ್ನು ಡಬ್ಬಿಗೆ ತುಂಬಿ ಮಾರಿದ್ದು ಗುಜರಾತಿನ ಆನಂದ್‌ನ ಅಮುಲ್. ದೇಶಕ್ಕೆ ಒಳ್ಳೆಯದಾಯಿತು, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಎಮ್ಮೆ ಕಟ್ಟಿದ ರೈತರು ಸಂಘಟಿತರಾಗಿದ್ದು ಅಲ್ಲಿ, ಆದ್ದರಿಂದ ಜ್ಞಾನ ಅಲ್ಲಿಗೆ ಹೋಯಿತು. ನಾರಾಯಣಮೂರ್ತಿ ನಮ್ಮ ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1967ರಲ್ಲಿ ಪಾಸಾದವರು. ಇನ್ಫೋಸಿಸ್ ಹುಟ್ಟಿದ್ದು 1981ರಲ್ಲಿ ಪುಣೆಯಲ್ಲಿ, 1983ಕ್ಕೆ ಬೆಂಗಳೂರಿಗೆ ಬಂತು. ಮೈಸೂರಿಗೆ ತರಬೇತಿ ಕೇಂದ್ರವಾಗಿ ಬಂದದ್ದು ಎಷ್ಟೋ ವರ್ಷದ ಮೇಲೆ.

ಊರಿನವರು ಊರಿಗೇ ಬಂದರೆ ಏನಾಗುತ್ತದೆ ಅನ್ನೋದಕ್ಕೆ ಅಮೆರಿಕದ ಸಿಯಾಟಲ್ ಇದೆ. 1971ರಲ್ಲಿ, ಅಲ್ಲಿನ ವಿಮಾನ ಕಂಪನಿ ಬೋಯಿಂಗ್ ಸಾವಿರಾರು ಜನರನ್ನು ಮನೆಗೆ ಕಳಿಸಿದ ಮೇಲೆ, ಊರು ಬಿಡುವ ಕೊನೆಯವರು ದೀಪ ಆರಿಸಿ ಹೋಗಿ ಅಂತ ಅಲ್ಲಿ ಯಾರೋ ಹಲಗೆ ಹಾಕಿದ್ದರಂತೆ. ಮೈಕ್ರೋಸಾಫ್ಟ್ ಹುಟ್ಟಿದ್ದು ಆಮೇಲೆ, 1975ರಲ್ಲಿ, ದೂರದ ಆಲ್ಬುಕರ್ಕಿಯಲ್ಲಿ. 1979ರಲ್ಲಿ, ಇನ್ನೂ ಹತ್ತು ಹನ್ನೆರಡು ಮಂದಿಯ ಕಂಪನಿಯಾಗಿದ್ದಾಗಲೇ, ಅದು ಸಿಯಾಟಲ್ ಪಕ್ಕಕ್ಕೆ ಬರಲು ದೊಡ್ಡ ಕಾರಣ, ಕಟ್ಟಿದ ಇಬ್ಬರ ಹುಟ್ಟೂರು ಅದು. ಇಷ್ಟೇ. ಯಾವ ಯೋಜನಾ ಆಯೋಗವೂ ಇದನ್ನೆಲ್ಲ ಬರೆದು ಮಾಡಿಸಲಾಗದು.

ಇನ್ನೊಂದು ಮಾತು, ಸೆಮಿನಾರಿನಲ್ಲಿ ಯಾರೂ ಹೇಳದ್ದು. ಡಿಗ್ರಿಯನ್ನಷ್ಟೇ ಓದು ಅಂತ ಎಣಿಸಬೇಡ. ಯಾದವಗಿರಿಯಲ್ಲಿ ಜಾವಾ ಬೈಕುಗಳ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು. ನಮ್ಮ ಬೀದಿಯಲ್ಲೊಬ್ಬರು ಅಲ್ಲಿ ಫಿಟ್ಟರ್ ಆಗಿದ್ದವರು, ಓದಿದ್ದು ಎಸ್ಸೆಸ್ಸೆಲ್ಸಿ. ಕಾರ್ಖಾನೆ ನಿಂತ ಮೇಲೆ ಮನೆ ಪಕ್ಕ ಶೀಟು ಹೊದಿಸಿ ಒಂದು ಹಳೇ ಲೇತ್ ಇಟ್ಟುಕೊಂಡರು. ಗಾಡಿ ಬೀದಿ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ‘ಬೇರಿಂಗ್ ಹೋಗಿದೆ’ ಅನ್ನುತ್ತಿದ್ದರು. ಮೂರು ಹುಡುಗರಿಗೆ ಮೈಕ್ರೋಮೀಟರ್ ಹಿಡಿಯುವುದು, ಡ್ರಾಯಿಂಗ್ ಓದುವುದು ಕಲಿಸಿದರು. ಆ ಮೂವರೂ ಇವತ್ತು ಮೈಸೂರಿನಲ್ಲೇ ಇದ್ದಾರೆ, ರೈಲು ಹತ್ತಿಲ್ಲ. ನಿನ್ನ ಸೆಮಿನಾರಿನ ಯಾವ ಕೋಷ್ಟಕದಲ್ಲೂ ಅವರು ‘ಉನ್ನತ ಶಿಕ್ಷಣ’ದ ಕಾಲಮ್ಮಿಗೆ ಬರುವುದಿಲ್ಲ.

ಪ್ರಶ್ನೆ: ಅಮ್ಮ ಹೇಳಿದ್ದನ್ನು ಮಗಳು ಬರೆಯುತ್ತಿದ್ದೇನೆ. ಅಮ್ಮ ಓದಿರುವುದು ಏಳನೇ ಕ್ಲಾಸು, ಹೆಬ್ಬಾಳ ಕೈಗಾರಿಕಾ ಪ್ರದೇಶದ ಹತ್ತಿರ ಮೆಸ್ ನಡೆಸುತ್ತಾರೆ. ಓದಿದವರು ಬಂದ ಮೇಲೆ ಊಟ ಹೆಚ್ಚು ಹೋಗುತ್ತಿದೆ, ಆದರೆ ಅಂಗಡಿ ಬಾಡಿಗೆ ಎಂಟು ವರ್ಷದಲ್ಲಿ ಎರಡರಷ್ಟಾಯಿತು. ಇದು ನಮಗೆ ಲಾಭವೋ ನಷ್ಟವೋ?
— ಮೈಸೂರು

ಉತ್ತರ: ತಾಯೀ, ನಿಮ್ಮ ಪ್ರಶ್ನೆಯ ಮೇಲೆ ಪಿಎಚ್‌ಡಿ ಮಾಡಿದವರಿದ್ದಾರೆ. ಅಮೆರಿಕದ ನಗರಗಳಲ್ಲಿ ಮೇಲೆ ಹೇಳಿದ ಮೊರೆಟ್ಟಿಯೇ ಲೆಕ್ಕ ಹಾಕಿದ. ಊರಿನಲ್ಲಿ ಪದವೀಧರರು ನೂರಕ್ಕೆ ಒಬ್ಬರು ಹೆಚ್ಚಾದರೆ, ಹೈಸ್ಕೂಲು ಮುಗಿಸದವರ ಕೂಲಿ ಸುಮಾರು ಶೇ 1.9 ಏರಿತು, ಹೈಸ್ಕೂಲು ಮುಗಿಸಿದವರದು ಶೇ 1.6, ಪದವೀಧರರದು ಬರೀ ಶೇ 0.4. ಓದಿದವರು ಬಂದದ್ದರಿಂದ ಹೆಚ್ಚು ಅನುಕೂಲ ಓದದವರಿಗೇ! ಮೈಸೂರಿಗೂ ಇದೇ ಅಂಕಿ ಅಂತ ಹೇಳಲಾರೆ, ಆದರೆ ನಿಮ್ಮ ಅಮ್ಮನ ಅನ್ನದ ತಪ್ಪಲೆ ದೊಡ್ಡದಾದ ದಿಕ್ಕು ಅದೇ.

ಬಾಡಿಗೆ ಕೂಡ ಅದೇ ಕಾರಣಕ್ಕೆ ಏರಿದ್ದು. ಲ್ಯೂಕಸ್ ಕೇಳಿದ್ದರು, ನ್ಯೂಯಾರ್ಕಿನ ನಡುಮಧ್ಯೆ ಅಷ್ಟೊಂದು ಬಾಡಿಗೆ ಕೊಟ್ಟು ಜನ ಯಾಕೆ ಇರುತ್ತಾರೆ, ಬೇರೆ ಜನರ ಹತ್ತಿರ ಇರೋಕಲ್ಲದೆ? ನಿಮ್ಮ ಅಮ್ಮ ಕೊಡುವ ಬಾಡಿಗೆಯೂ ಗಿರಾಕಿಗಳ ಹತ್ತಿರ ಇರುವುದರ ಬೆಲೆ. ಕಟ್ಟಡದ ಮಾಲೀಕರಿಗೆ ಮಾತ್ರ ಎರಡೂ ಕಡೆ ಬೆಣ್ಣೆ, ಅವರು ಓದಿರಲಿ ಬಿಡಲಿ.

ಅಲ್ಲಿಗೆ ಬಂದಿದ್ದಾಗ ನಾನೂ ನಿಮ್ಮಂಥದೇ ಒಂದು ಮೆಸ್ಸಿನಲ್ಲಿ ಊಟ ಮಾಡಿದ್ದೆ. ಮುದ್ದೆ, ಬಸ್ಸಾರು. ಬಾಗಿಲ ಪಕ್ಕ ಕ್ಯೂಆರ್ ಕೋಡು, ಅದರ ಕೆಳಗೆ ಮೊಳೆಗೆ ನೇತು ಹಾಕಿದ ಸಾಲದ ಪುಸ್ತಕ. ಯಾರ ಹೆಸರಿವೆ ಅಂತ ಕಣ್ಣಾಡಿಸಿದೆ (ಹಳೇ ಚಾಳಿ): ಐಟಿಐ ಹುಡುಗರು, ಡಿಪ್ಲೊಮಾದವರು, ಸರ್ಕ್ಯೂಟ್ ಬೋರ್ಡ್ ಜೋಡಿಸುವ ಹೆಣ್ಣುಮಕ್ಕಳು. ದೊಡ್ಡ ಕ್ಯಾಂಪಸ್ಸಿನ ಟ್ರೈನಿಗಳು ಒಬ್ಬರೂ ಇಲ್ಲ. ಯಾಕಿರುತ್ತಾರೆ? ಇನ್ಫೋಸಿಸ್ ಕ್ಯಾಂಪಸ್ಸಿನಲ್ಲಿ ಸಾವಿರಾರು ಜನ ಒಳಗೇ ಮಲಗಿ, ಒಳಗೇ ಉಂಡು, ಒಳಗೇ ಸಿನಿಮಾ ನೋಡಿ, ಕೆಲವು ತಿಂಗಳಲ್ಲಿ ಪೆಟ್ಟಿಗೆ ಕಟ್ಟುತ್ತಾರೆ. ಮೊರೆಟ್ಟಿಯ ಇನ್ನೊಂದು ಲೆಕ್ಕ ಇದೆ: ಉನ್ನತ ತಂತ್ರಜ್ಞಾನದ ಒಂದು ಕೆಲಸ ಬಂದರೆ ಕಾಲಾಂತರದಲ್ಲಿ ಆ ಊರಲ್ಲೇ ಬೇರೆ ಐದು ಕೆಲಸ ಹುಟ್ಟುತ್ತವೆ, ಕ್ಷೌರಿಕರಿಂದ ಹಿಡಿದು ವಕೀಲರವರೆಗೆ. ಸೂಟ್‌ಕೇಸು ಬಿಚ್ಚದೆ ಹೋಗುವವರಿಂದ ಅಷ್ಟು ಹುಟ್ಟೀತು ಅಂತ ನನಗನಿಸುವುದಿಲ್ಲ. ನಿಮ್ಮ ಅಮ್ಮನ ಸಾಲದ ಪುಸ್ತಕದಲ್ಲಿ ಹೆಸರಿರುವವರೇ ಊರಿಗೆ ನೆಂಟರು. ಬಾಡಿಗೆ ಕರಾರನ್ನು ಮಾತ್ರ ಈ ಸಲ ಬಾಯಿಮಾತಲ್ಲಿ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳಿ, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ ಅಂತ.

ಪ್ರಶ್ನೆ: ಮೈಸೂರು ‘ವಿದ್ಯಾವಂತರ ಮಹಾನಗರ’ ಎಂದು ಬರೆದಿದ್ದೀರಿ. ಎರಡೂ ತಪ್ಪಲ್ಲವೇ?
— ನಿವೃತ್ತ ಅಂಕಿ-ಅಂಶ ಅಧಿಕಾರಿ, ಕುವೆಂಪುನಗರ

ಉತ್ತರ: ಸಿಕ್ಕಿಬಿದ್ದೆ. ಸಂವಿಧಾನದ ಪ್ರಕಾರ ಮಹಾನಗರ ಪ್ರದೇಶ ಅಂದರೆ ಹತ್ತು ಲಕ್ಷ ಜನ ಇರಬೇಕು. 2011ರ ಗಣತಿಯಲ್ಲಿ ಮೈಸೂರು ಸುತ್ತಮುತ್ತಲಿನ ಬಡಾವಣೆ ಸೇರಿಸಿಕೊಂಡೂ ಅದರ ಹೊಸ್ತಿಲಲ್ಲಿ ನಿಂತಿತ್ತು. 2021ರದ್ದು ನಡೆಯಲಿಲ್ಲವಾಗಿ ಬಡ್ತಿ ಕಾಗದ ಬಂದಿಲ್ಲ. ಸಾಕ್ಷರತೆಯೂ ಅಷ್ಟೇ: ಅದೇ ಗಣತಿಯಲ್ಲಿ ರಾಜ್ಯದ್ದು ಶೇ 75.36, ಮೈಸೂರು ಜಿಲ್ಲೆಯದು ಶೇ 72.79, ಮಂಡ್ಯದ್ದು ಶೇ 70.40. ನಗರದ ಕಾಲೇಜುಗಳ ಹೊಳಪಿನಲ್ಲಿ ಅದೇ ಜಿಲ್ಲೆಯ ಎಚ್.ಡಿ. ಕೋಟೆಯ ಆದಿವಾಸಿ ಹಾಡಿ ನನಗೆ ಕಾಣಲಿಲ್ಲ. ಕಿವಿ ಹಿಂಡಿದ್ದಕ್ಕೆ ಧನ್ಯವಾದ.

ಪ್ರಶ್ನೆ: ನಾನು ಎಂ.ಎಸ್‌ಸಿ. ಗಣಿತ. ಮದುವೆಯಾಗಿ ಮಂಡ್ಯಕ್ಕೆ ಬಂದು ಏಳು ವರ್ಷ. ಯಜಮಾನರು ದಿನಾ ಬೆಂಗಳೂರಿಗೆ ಹೋಗಿ ಬರುತ್ತಾರೆ. ನಾನು ಸಂಜೆ ಮನೆಯಲ್ಲಿ ಒಂಬತ್ತು ಮಕ್ಕಳಿಗೆ ಟ್ಯೂಷನ್ ಮಾಡುತ್ತೇನೆ. ‘ಇಷ್ಟು ಓದಿ ಏನು ಕಡಿದು ಕಟ್ಟೆ ಹಾಕಿದೆ’ ಅಂತ ಅತ್ತೆ ಕೇಳುತ್ತಾರೆ. ನನ್ನ ಓದು ಯಾವ ಲೆಕ್ಕಕ್ಕಾದರೂ ಬರುತ್ತದೆಯೇ ಮೇಡಂ?
— ಮಂಡ್ಯ

ಉತ್ತರ: ನಾನು ಕೆಲಸಕ್ಕೆ ಸೇರಿದ ವರ್ಷ ಹಾಜರಿ ಪುಸ್ತಕದಲ್ಲಿ ಅರವತ್ತು ಹೆಸರು, ಅದರಲ್ಲಿ ಹುಡುಗಿಯರು ಹದಿನಾಲ್ಕು. ನಿವೃತ್ತಿಯ ವರ್ಷ ಅರ್ಧಕ್ಕಿಂತ ಹೆಚ್ಚು ಹುಡುಗಿಯರು, ಮೊದಲ ಮೂರು ಬೆಂಚಂತೂ ಅವರದೇ. ನಾನು ಬೀಗುತ್ತಿದ್ದೆ. ಆಮೇಲೆ ಅವರನ್ನು ನಾನು ಕಾಣುತ್ತಿದ್ದದ್ದು ಮದುವೆ ಮಂಟಪದಲ್ಲಿ, ನಾಮಕರಣದಲ್ಲಿ. ‘ಏನಮ್ಮ ಮಾಡ್ತಿದ್ದೀಯ?’ ಅಂದರೆ ‘ಏನೂ ಇಲ್ಲ ಮೇಡಂ, ಮನೇಲೇ’ ಅನ್ನೋರು. ನಿಮ್ಮ ಹೆಸರು ಜಿಲ್ಲೆಯ ವಿದ್ಯಾವಂತರ ಪಟ್ಟಿಯಲ್ಲಿದೆ. ದುಡಿಮೆಯ ಪಟ್ಟಿಯಲ್ಲಿ ಇದೆಯೋ ಇಲ್ಲವೋ. ಗಣತಿಯವರು ಬಂದಾಗ ‘ಸೊಸೆ ಏನೂ ಮಾಡಲ್ಲ’ ಅಂತ ಅತ್ತೆಯೇ ಬಾಗಿಲಲ್ಲಿ ನಿಂತು ಹೇಳಿಬಿಟ್ಟರೆ ಮುಗೀತು.

ನಗರ ಪ್ರದೇಶ ಅಂದರೆ ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದಾದಷ್ಟು ದೂರ ಅಂತ ನಾವು ಪಾಠ ಹೇಳುತ್ತೇವೆ. 2023ರ ಮಾರ್ಚಿನಲ್ಲಿ ಹತ್ತು ಪಥದ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ನಿಮ್ಮ ಯಜಮಾನರ ನಗರ ಬೆಂಗಳೂರಿನ ಆ ತುದಿವರೆಗೂ ಹಿಗ್ಗಿತು. ಮೈಸೂರು ನಿಮ್ಮ ಮನೆಯಿಂದ ಬರೀ 45 ಕಿಲೋಮೀಟರ್. ಆದರೆ ಮೂರೂವರೆಗೆ ಶಾಲೆಯ ಗಂಟೆ ಹೊಡೆದಾಗ ಗೇಟಿನಲ್ಲಿ ಯಾರು ನಿಲ್ಲಬೇಕು? ನಿಮ್ಮ ನಗರ ಆ ಗಂಟೆ ಕೇಳುವಷ್ಟು ದೂರ ಮಾತ್ರ. ಸಂಜೆ ಆರರವರೆಗೆ ಮಕ್ಕಳನ್ನು ನೋಡಿಕೊಳ್ಳುವ ಒಂದು ನಂಬಿಕೆಯ ಜಾಗ ನಿಮ್ಮ ಬಡಾವಣೆಯಲ್ಲಿ ಇದ್ದಿದ್ದರೆ, ಆ ಹತ್ತು ಪಥದಲ್ಲಿ ಒಂದು ನಿಮ್ಮದೂ ಆಗುತ್ತಿತ್ತು. ಅಂಥದ್ದನ್ನು ನಡೆಸಬಲ್ಲ ಇನ್ನಿಬ್ಬರು ಓದಿದ ಸೊಸೆಯರು ನಿಮ್ಮ ಬೀದಿಯಲ್ಲೇ ಇದ್ದಾರೆ ಅನ್ನೋದು ನನ್ನ ಗುಮಾನಿ. ಮಾತಾಡಿ ನೋಡಿ.

ಅತ್ತೆಗೆ ಉತ್ತರ ಬೇಕಾದರೆ ಆ ಒಂಬತ್ತು ಮಕ್ಕಳೇ ಇದ್ದಾರೆ. ಆದರೆ ತಲೆಗೆ ತಿಂಗಳಿಗೆ ಎಷ್ಟು ತಗೊಳ್ಳುತ್ತೀರಿ ಅಂತ ನೀವು ಬರೆದೇ ಇಲ್ಲ. ಎಂ.ಎಸ್‌ಸಿ. ಗಣಿತ ಮಾಡಿಕೊಂಡು ‘ಇನ್ನೂರು ರೂಪಾಯಿ, ಅದೂ ಕೊಟ್ಟಾಗ’ ಅಂದುಬಿಟ್ಟರೆ, ನಾನೂ ನಿಮ್ಮ ಅತ್ತೆಯ ಪಕ್ಷ ಸೇರುತ್ತೇನೆ.